ಸೂಜಿ ತೆಗೆದ ಮೇಲೂ ಉಳಿಯುವ ನೋವು

"ನರ ಸಿಗುತ್ತಿಲ್ಲ ಸಾರ್, ಮುಷ್ಟಿ ಸ್ವಲ್ಪ ಬಿಗಿಯಾಗಿ ಹಿಡಿಯಿರಿ." ರಕ್ತಪರೀಕ್ಷೆಗೆ ಹೋದವರಲ್ಲಿ ಈ ಮಾತನ್ನು ಕೇಳದವರು ಕಡಿಮೆ. ನಮ್ಮ ಆಡುಮಾತಿನಲ್ಲಿ 'ನರ' ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ರಕ್ತವನ್ನು ಹೃದಯದ ಕಡೆಗೆ ಒಯ್ಯುವ ಅಭಿಧಮನಿಯನ್ನೂ ನರ ಎನ್ನುತ್ತೇವೆ. ಸಂವೇದನೆಯನ್ನು ಮಿದುಳಿಗೆ ಮುಟ್ಟಿಸುವ ನಿಜವಾದ ನರವನ್ನೂ ನರ ಎನ್ನುತ್ತೇವೆ. ರಕ್ತ ತೆಗೆಯುವವರು ಹುಡುಕುವುದು ಮೊದಲನೆಯದನ್ನು. ಅಪರೂಪಕ್ಕೆ ಸೂಜಿಗೆ ಸಿಗುವುದು ಎರಡನೆಯದು. ಆಗ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ.

ಎರಡು ವರ್ಷಗಳ ಹಿಂದೆ ವಾರ್ಷಿಕ ತಪಾಸಣೆಗೆಂದು ನಾನು ಒಂದು ಪ್ರಯೋಗಾಲಯಕ್ಕೆ ಹೋಗಿದ್ದೆ. ಬಲಗೈ ಚಾಚಿದೆ. ಮೊದಲ ಚುಚ್ಚಿಗೆ ರಕ್ತ ಬರಲಿಲ್ಲ. ಸೂಜಿಯನ್ನು ಹೊರತೆಗೆಯದೆ ಒಳಗೇ ಅತ್ತಿತ್ತ ತಿರುಗಿಸಿದಾಗ ಮೊಣಕೈಯಿಂದ ಹೆಬ್ಬೆರಳಿನ ಬುಡದವರೆಗೆ ವಿದ್ಯುತ್ ಹೊಡೆದಂತಾಯಿತು. ಕೈ ತಾನಾಗಿಯೇ ಹಿಂದೆ ಸರಿಯಿತು. "ಸ್ವಲ್ಪ ನೋವಾಗುತ್ತದೆ, ಎರಡು ದಿನದಲ್ಲಿ ಹೋಗುತ್ತದೆ" ಎಂದರು. ಎರಡು ವಾರ ಕಳೆದರೂ ಹೋಗಲಿಲ್ಲ. ಮುಂಗೈಯ ಹೊರಬದಿಯಲ್ಲಿ ಅಂಗೈಯಗಲದ ಒಂದು ಭಾಗ ಮರಗಟ್ಟಿತ್ತು. ಅದರ ಅಂಚಿನಲ್ಲಿ ಅಂಗಿಯ ತೋಳು ತಾಕಿದರೂ ಉರಿಯುತ್ತಿತ್ತು. ಕರಿಹಲಗೆಯ ಮೇಲೆ ಅರ್ಧ ಗಂಟೆ ಬರೆದರೆ ಸಂಜೆಯವರೆಗೆ ಕೈ ಸುಡುತ್ತಿತ್ತು. ಸೂಜಿಯ ಗುರುತು ಮಾತ್ರ ಮೂರನೆಯ ದಿನವೇ ಮಾಸಿಹೋಗಿತ್ತು. ತೋರಿಸಲು ಗಾಯವಿಲ್ಲ, ಊತವಿಲ್ಲ. ಕಾಣದ ನೋವನ್ನು ನಂಬಿಸುವುದು ಕಷ್ಟ ಎಂಬುದನ್ನು ನಾನು ಆಗ ಕಲಿತೆ. ಭೌತವಿಜ್ಞಾನದ ಅಧ್ಯಾಪಕನಾದ್ದರಿಂದ ಇದಕ್ಕೆ ಕಾರಣವೇನೆಂದು ಹುಡುಕಲು ತೊಡಗಿದೆ.

ಮೊಣಕೈ ಮಡಿಕೆಯ ಒಳಗೆ

ಮೊಣಕೈಯ ಮುಂಭಾಗದ ಮಡಿಕೆಯಲ್ಲಿ ಚರ್ಮದ ಕೆಳಗೇ ಮೂರು ಮುಖ್ಯ ಅಭಿಧಮನಿಗಳಿವೆ. ಹೆಬ್ಬೆರಳಿನ ಬದಿಯಲ್ಲಿ ಸಿಫಾಲಿಕ್, ಕಿರುಬೆರಳಿನ ಬದಿಯಲ್ಲಿ ಬೆಸಿಲಿಕ್, ಇವೆರಡನ್ನೂ ಓರೆಯಾಗಿ ಕೂಡಿಸುವ ಮೀಡಿಯನ್ ಕ್ಯೂಬಿಟಲ್. ಇವುಗಳ ಜೊತೆಯಲ್ಲೇ ನರಗಳೂ ಸಾಗುತ್ತವೆ. ಮುಂಗೈಯ ಹೊರಬದಿಯ ಚರ್ಮಕ್ಕೆ ಸಂವೇದನೆ ನೀಡುವ ನರ ಸಿಫಾಲಿಕ್ ಅಭಿಧಮನಿಯ ಪಕ್ಕದಲ್ಲಿದೆ. ಒಳಬದಿಯ ಚರ್ಮದ ನರದ ಕವಲುಗಳು ಬೆಸಿಲಿಕ್ ಅಭಿಧಮನಿಯನ್ನು ಸುತ್ತುವರಿದಿವೆ. ಬೆರಳುಗಳ ಚಲನೆಗೂ ಸ್ಪರ್ಶಕ್ಕೂ ಬೇಕಾದ ದೊಡ್ಡ ಮೀಡಿಯನ್ ನರ ಇನ್ನಷ್ಟು ಆಳದಲ್ಲಿ, ತೋಳಿನ ಅಪಧಮನಿಯ ಮಗ್ಗುಲಲ್ಲಿದೆ. ಮಧ್ಯದ ಅಭಿಧಮನಿಗೂ ಈ ದೊಡ್ಡ ನರಕ್ಕೂ ನಡುವೆ ಬೈಸೆಪ್ಸ್ ಸ್ನಾಯುವಿನ ತೆಳುವಾದ, ಗಟ್ಟಿಯಾದ ಪಟ್ಟಿಯೊಂದು ಅಡ್ಡವಿದೆ. ರಕ್ತ ತೆಗೆಯಲು ಮಧ್ಯದ ಅಭಿಧಮನಿಯನ್ನೇ ಮೊದಲು ಆರಿಸಬೇಕೆಂದು ಕಲಿಸುವುದಕ್ಕೆ ಇದೂ ಒಂದು ಕಾರಣ.

ಆದರೆ ಈ ನಕ್ಷೆ ಎಲ್ಲರಲ್ಲೂ ಒಂದೇ ಅಲ್ಲ. ಚರ್ಮದ ನರಗಳ ಕವಲುಗಳು ಕೆಲವರಲ್ಲಿ ಅಭಿಧಮನಿಯ ಕೆಳಗೆ, ಕೆಲವರಲ್ಲಿ ಮೇಲೆಯೇ ಹಾಯುತ್ತವೆ. ಅಭಿಧಮನಿ ಬೆರಳಿಗೆ ಸಿಗುತ್ತದೆ. ಸಣ್ಣ ನರ ಸಿಗುವುದಿಲ್ಲ. ಆದ್ದರಿಂದ ನುರಿತ ಕೈಯಿಂದಲೂ ಅಪರೂಪಕ್ಕೆ ನರಕ್ಕೆ ಪೆಟ್ಟು ಬೀಳಬಹುದು. ಪೆಟ್ಟು ಬಿದ್ದದ್ದೆಲ್ಲ ಅಜಾಗರೂಕತೆಯಲ್ಲ. ಆದರೆ ಸೂಜಿಯನ್ನು ಒಳಗೇ ತಿರುಗಿಸಿ ಹುಡುಕುವುದು ಅಪಾಯವನ್ನು ಹೆಚ್ಚಿಸುತ್ತದೆ.

ಈಗ ಅಳತೆಗಳನ್ನು ನೋಡೋಣ. ರಕ್ತಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ 21 ಗೇಜ್ ಸೂಜಿಯ ಹೊರವ್ಯಾಸ ಸುಮಾರು 0.8 ಮಿ.ಮೀ. ನರವೆಂಬುದು ಸಾವಿರಾರು ತಂತುಗಳ ಕಟ್ಟು. ಒಂದೊಂದು ತಂತುವಿನ ವ್ಯಾಸ 1ರಿಂದ 20 ಮೈಕ್ರೊಮೀಟರ್. 10 ಮೈಕ್ರೊಮೀಟರ್ ವ್ಯಾಸದ ತಂತುಗಳನ್ನು ಪಕ್ಕಪಕ್ಕ ಜೋಡಿಸಿದರೆ ಸೂಜಿಯ ಅಗಲದಲ್ಲಿ 80 ತಂತುಗಳು ಹಿಡಿಯುತ್ತವೆ. ಸೂಜಿಯನ್ನು ಒತ್ತುವ ಬಲ 1 ನ್ಯೂಟನ್, ತುದಿಯ ವಿಸ್ತೀರ್ಣ 0.01 ಚದರ ಮಿ.ಮೀ. ಎಂದುಕೊಂಡರೆ ಒತ್ತಡ 10 ಕೋಟಿ ಪಾಸ್ಕಲ್, ಅಂದರೆ ಸುಮಾರು 1000 ವಾಯುಮಂಡಲ! ಬಲ ಚಿಕ್ಕದು, ವಿಸ್ತೀರ್ಣ ಇನ್ನೂ ಚಿಕ್ಕದು. ಆದ್ದರಿಂದ ಒತ್ತಡ ದೊಡ್ಡದು.

ಹೊಡೆದದ್ದು ಯಾವ ವಿದ್ಯುತ್?

ಸೂಜಿಯಲ್ಲಿ ವಿದ್ಯುತ್ ಇಲ್ಲ. ಆದರೂ 'ಕರೆಂಟ್ ಹೊಡೆದಂತೆ' ಎಂಬ ವರ್ಣನೆ ತಪ್ಪಲ್ಲ. ವಿದ್ಯುತ್ ಇರುವುದು ನರದಲ್ಲೇ.

ನರತಂತುವಿನ ಪೊರೆಯ ಒಳಭಾಗ ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್ ಋಣ ವಿಭವದಲ್ಲಿರುತ್ತದೆ. ಇದು ಅಲ್ಪವೆನಿಸಬಹುದು. ಆದರೆ ಪೊರೆಯ ದಪ್ಪ ಕೇವಲ 7 ನ್ಯಾನೊಮೀಟರ್. ವಿಭವಾಂತರವನ್ನು ದಪ್ಪದಿಂದ ಭಾಗಿಸಿದರೆ ವಿದ್ಯುತ್ ಕ್ಷೇತ್ರ ಮೀಟರಿಗೆ 1 ಕೋಟಿ ವೋಲ್ಟ್ ಆಗುತ್ತದೆ. ಒಣ ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಅಂದರೆ ನಮ್ಮ ಪ್ರತಿಯೊಂದು ನರತಂತುವೂ ಮಿಂಚಿನ ಮೋಡಕ್ಕಿಂತ ತೀವ್ರವಾದ ಕ್ಷೇತ್ರವನ್ನು ಸದ್ದಿಲ್ಲದೆ ಹಿಡಿದಿಟ್ಟುಕೊಂಡಿದೆ.

ಪ್ರಚೋದನೆ ದೊರೆತಾಗ ಪೊರೆಯಲ್ಲಿರುವ ಸೋಡಿಯಂ ದ್ವಾರಗಳು ತೆರೆದುಕೊಳ್ಳುತ್ತವೆ. ಸೋಡಿಯಂ ಅಯಾನುಗಳು ಒಳನುಗ್ಗಿ, ಒಳಭಾಗ ಕ್ಷಣಕಾಲ ಧನ ವಿಭವಕ್ಕೆ ಏರುತ್ತದೆ. ಪಕ್ಕದ ದ್ವಾರಗಳು ಇದರಿಂದ ತೆರೆದುಕೊಳ್ಳುತ್ತವೆ. ಹೀಗೆ ಸಾಗುವ ಅಲೆಯೇ ನರಾವೇಗ. ಒಂದೊಂದು ಸ್ಥಳದಲ್ಲಿ ಇದೆಲ್ಲ ಸುಮಾರು 1 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಹಾಜ್ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಈ ಕ್ರಿಯೆಯನ್ನು ಸಮೀಕರಣಗಳಲ್ಲಿ ಬರೆದು ತೋರಿಸಿದರು. 1963ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಆವೇಗ ತಂತುವಿನ ತುದಿಯಿಂದ ಹೊರಡಬೇಕು ಎಂಬುದು ನಿಸರ್ಗದ ಏರ್ಪಾಡು. ಸೂಜಿ ತಂತುವಿನ ನಡುವೆ ಚುಚ್ಚಿದಾಗ ಅಲ್ಲಿಂದಲೇ ಆವೇಗಗಳು ಹೊರಡುತ್ತವೆ. ಆವೇಗ ದಾರಿಯಲ್ಲಿ ಎಲ್ಲಿಂದ ಹೊರಟಿತು ಎಂದು ತಿಳಿಯುವ ಸೌಲಭ್ಯ ಮಿದುಳಿಗಿಲ್ಲ. ಆ ತಂತು ಯಾವ ಚರ್ಮಕ್ಕೆ ಸೇರಿದ್ದೋ ಅಲ್ಲೇ ನೋವಿದೆ ಎಂದು ಅದು ತೀರ್ಮಾನಿಸುತ್ತದೆ. ಮೊಣಕೈಯ ಒಳಮೂಳೆ ಮೇಜಿನ ಅಂಚಿಗೆ ಬಡಿದಾಗ ಕಿರುಬೆರಳು ಜುಮ್ಮೆನ್ನುವುದೂ ಇದೇ ಕಾರಣಕ್ಕೆ. ಸೂಜಿ ಮೊಣಕೈಯಲ್ಲಿದ್ದರೂ ನನ್ನ ನೋವು ಹೆಬ್ಬೆರಳಿನ ಬುಡದವರೆಗೆ ಹರಿದದ್ದು ಹೀಗೆ.

ನೋವಿನ ತಂತುಗಳಲ್ಲಿ ಎರಡು ಬಗೆ. ತೆಳು ಮಯಲಿನ್ ಹೊದಿಕೆಯಿರುವ ಎ-ಡೆಲ್ಟಾ ತಂತುಗಳಲ್ಲಿ ಆವೇಗದ ವೇಗ ಸೆಕೆಂಡಿಗೆ 5ರಿಂದ 30 ಮೀಟರ್. ಹೊದಿಕೆಯಿಲ್ಲದ ಸಿ ತಂತುಗಳಲ್ಲಿ 0.5ರಿಂದ 2 ಮೀಟರ್. ಮಯಲಿನ್ ಒಂದು ಅವಾಹಕ. ಅದು ಪೊರೆಯ ಧಾರಕತೆಯನ್ನು ತಗ್ಗಿಸಿ, ವಿದ್ಯುತ್ ಸೋರದಂತೆ ತಡೆಯುತ್ತದೆ. ಆವೇಗ ಒಂದು ಸಂದಿನಿಂದ ಮುಂದಿನ ಸಂದಿಗೆ ಜಿಗಿಯುತ್ತ ಸಾಗುತ್ತದೆ. ಮೊಣಕೈಯಿಂದ ಬೆನ್ನುಹುರಿಗೆ 0.6 ಮೀಟರ್ ದೂರವೆಂದಿಟ್ಟುಕೊಳ್ಳಿ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸುದ್ದಿ 0.04 ಸೆಕೆಂಡಿನಲ್ಲಿ ಮುಟ್ಟುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ 0.6 ಸೆಕೆಂಡು ಬೇಕು. ಮೊದಲು ಚುಚ್ಚಿದಂಥ ಚುರುಕು ನೋವು, ತುಸು ತಡವಾಗಿ ಉರಿ: ಈ ಕ್ರಮ ನಮ್ಮೆಲ್ಲರ ಅನುಭವದಲ್ಲಿದೆ.

ಸೂಜಿ ಹೋದರೂ ನೋವೇಕೆ ಹೋಗದು?

ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ನೀಡಿದ ಬ್ರಿಟನ್ನಿನ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಪೆಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿದ. ಮೊದಲನೆಯದರಲ್ಲಿ ತಂತು ತುಂಡಾಗಿರುವುದಿಲ್ಲ, ವಹನ ಮಾತ್ರ ನಿಂತಿರುತ್ತದೆ. ದಿನಗಳು ಅಥವಾ ವಾರಗಳಲ್ಲಿ ಸರಿಹೋಗುತ್ತದೆ. ಎರಡನೆಯದರಲ್ಲಿ ತಂತು ತುಂಡಾಗಿದೆ, ಆದರೆ ಅದನ್ನು ಸುತ್ತುವರಿದ ಕೊಳವೆ ಉಳಿದಿದೆ. ಮೂರನೆಯದರಲ್ಲಿ ಇಡೀ ನರವೇ ಕಡಿದುಹೋಗಿದೆ. ರಕ್ತ ತೆಗೆಯುವ ಸೂಜಿಯಿಂದ ಮೂರನೆಯದು ಆಗುವುದು ತೀರ ವಿರಳ. ಆದರೆ ಕೆಲವು ತಂತುಗಳ ಮಟ್ಟಿಗೆ ಎರಡನೆಯದು ಆಗಬಹುದು. ಅಭಿಧಮನಿಯಿಂದ ಸೋರಿದ ರಕ್ತ ಗಡ್ಡೆಕಟ್ಟಿ ನರವನ್ನು ಅದುಮುವುದೂ ಉಂಟು.

ತಂತು ತುಂಡಾದರೆ, ಜೀವಕೋಶದಿಂದ ಬೇರ್ಪಟ್ಟ ತುದಿಯ ಭಾಗ ಕೆಲವೇ ದಿನಗಳಲ್ಲಿ ಶಿಥಿಲವಾಗುತ್ತದೆ. ಇದನ್ನು 1850ರಲ್ಲಿ ಕಪ್ಪೆಯ ನಾಲಗೆಯ ನರಗಳಲ್ಲಿ ಕಂಡು ವಿವರಿಸಿದವನು ಆಗಸ್ಟಸ್ ವಾಲರ್. ಅನಂತರ ಉಳಿದ ಮೊಟಕು ತುದಿಯಿಂದ ಹೊಸ ತಂತು ಹಳೆಯ ಕೊಳವೆಯೊಳಗೆ ಬೆಳೆಯುತ್ತದೆ. ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿ.ಮೀ. ಇಲ್ಲಿಯೇ ನೋವಿನ ದೀರ್ಘ ಅವಧಿಯ ಒಂದು ಕಾರಣ ಅಡಗಿದೆ. ಮೊಣಕೈಯಿಂದ ಮಣಿಕಟ್ಟಿಗೆ 24 ಸೆಂ.ಮೀ. ಎಂದರೆ 240 ದಿನಗಳು. ಯಾವ ಔಷಧದಿಂದಲೂ ಈ ಲೆಕ್ಕವನ್ನು ಹೆಚ್ಚು ಬದಲಿಸಲು ಸಾಧ್ಯವಾಗಿಲ್ಲ.

ಬೆಳೆಯುತ್ತಿರುವ ತುದಿಯಲ್ಲಿ ಸೋಡಿಯಂ ದ್ವಾರಗಳು ಗುಂಪುಗೂಡಿರುತ್ತವೆ. ಆದ್ದರಿಂದ ಅದು ಅತಿಸೂಕ್ಷ್ಮ. ಸಣ್ಣ ಒತ್ತಡಕ್ಕೆ, ತಂಪಿಗೆ, ಕೆಲವೊಮ್ಮೆ ಏನೂ ಇಲ್ಲದೆಯೂ ಆವೇಗಗಳನ್ನು ಹೊಮ್ಮಿಸುತ್ತದೆ. ದಾರಿ ತಪ್ಪಿದ ತಂತುಗಳು ಗಂಟುಕಟ್ಟಿಕೊಂಡರೆ ಆ ಗಂಟೇ ನೋವಿನ ನೆಲೆಯಾಗುತ್ತದೆ.

ಇನ್ನೊಂದು ಕಾರಣ ಬೆನ್ನುಹುರಿಯಲ್ಲಿದೆ. ನೋವಿನ ಆವೇಗಗಳು ಎಡೆಬಿಡದೆ ಬರುತ್ತಿದ್ದರೆ ಅವನ್ನು ಮುಂದೆ ಕಳಿಸುವ ನರಕೋಶಗಳ ಸೂಕ್ಷ್ಮತೆ ಏರುತ್ತದೆ. ಧ್ವನಿವರ್ಧಕದ ಗುಂಡಿಯನ್ನು ಯಾರೋ ತಿರುಗಿಸಿ ಹಾಗೆಯೇ ಬಿಟ್ಟಂತೆ. ಆಗ ಸಾಮಾನ್ಯ ಸ್ಪರ್ಶದ ಸಂಕೇತವೂ ನೋವಾಗಿ ಕೇಳಿಸುತ್ತದೆ. ಅಂಗಿಯ ತೋಳು ಉರಿ ಹುಟ್ಟಿಸುವುದು ಇದರಿಂದ. ಕ್ಲಿಫರ್ಡ್ ವುಲ್ಫ್ 1983ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ಈ ಬದಲಾವಣೆ ಗಾಯದ ಜಾಗದಲ್ಲಿ ಮಾತ್ರವಲ್ಲ, ಬೆನ್ನುಹುರಿಯಲ್ಲೂ ಆಗುತ್ತದೆಂದು ತೋರಿಸಿದರು. ಅದಕ್ಕೂ ಮೊದಲು, 1965ರಲ್ಲಿ, ಮೆಲ್ಝಾಕ್ ಮತ್ತು ವಾಲ್ ಬೆನ್ನುಹುರಿಯಲ್ಲಿ ನೋವನ್ನು ಒಳಬಿಡುವ ಅಥವಾ ತಡೆಯುವ 'ಬಾಗಿಲು' ಇದೆಯೆಂಬ ಸಿದ್ಧಾಂತವನ್ನು ಮಂಡಿಸಿದ್ದರು. ಪೆಟ್ಟಾದ ಜಾಗವನ್ನು ಉಜ್ಜಿದರೆ ನೋವು ತಗ್ಗುವುದನ್ನು ಆ ಸಿದ್ಧಾಂತ ವಿವರಿಸುತ್ತದೆ.

ಇಂಥ ನೋವು ಹೊಸತೇನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟಿನಿಂದ ನರಕ್ಕೆ ಗಾಯವಾದ ಸೈನಿಕರನ್ನು ಸಿಲಾಸ್ ವೀರ್ ಮಿಚೆಲ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 1864ರಲ್ಲಿ ಪುಸ್ತಕ ಪ್ರಕಟಿಸಿದರು. ಗಾಯ ಮಾಗಿದ ಮೇಲೂ ಕೈ ಉರಿಯುತ್ತದೆಂದು ಒದ್ದೆಬಟ್ಟೆ ಸುತ್ತಿಕೊಂಡು ಕೂರುತ್ತಿದ್ದ ಸೈನಿಕರನ್ನು ಅವರು ಕಂಡಿದ್ದರು.

ಅಳೆಯುವುದು ಹೇಗೆ?

ಆರನೆಯ ವಾರ ನರತಜ್ಞರೊಬ್ಬರು ನನ್ನ ನರಗಳ ವಹನವೇಗವನ್ನು ಅಳೆದರು. ತತ್ತ್ವ ಸರಳ. ಚಲನೆಯ ನರವನ್ನು ಮಣಿಕಟ್ಟಿನಲ್ಲಿ ವಿದ್ಯುತ್ತಿನಿಂದ ಪ್ರಚೋದಿಸಿ ಹೆಬ್ಬೆರಳಿನ ಸ್ನಾಯು ಪ್ರತಿಕ್ರಿಯಿಸುವ ಕಾಲವನ್ನು ಅಳೆಯುತ್ತಾರೆ. ಮತ್ತೆ ಮೊಣಕೈಯಲ್ಲಿ ಪ್ರಚೋದಿಸಿ ಅಳೆಯುತ್ತಾರೆ. ಮೊದಲನೆಯದು 3.5 ಮಿಲಿಸೆಕೆಂಡ್, ಎರಡನೆಯದು 7.9 ಮಿಲಿಸೆಕೆಂಡ್, ಎರಡು ಸ್ಥಳಗಳ ನಡುವಿನ ದೂರ 22 ಸೆಂ.ಮೀ. ಎಂದಿಟ್ಟುಕೊಳ್ಳಿ. 0.22 ಮೀಟರನ್ನು 0.0044 ಸೆಕೆಂಡಿನಿಂದ ಭಾಗಿಸಿದರೆ ವೇಗ ಸೆಕೆಂಡಿಗೆ 50 ಮೀಟರ್. ಎರಡು ಕಡೆ ಅಳೆಯುವುದೇಕೆ? ನರದಿಂದ ಸ್ನಾಯುವಿಗೆ ಸಂಕೇತ ದಾಟುವಾಗ ಆಗುವ ವಿಳಂಬ ಎರಡರಲ್ಲೂ ಸಮಾನ. ಕಳೆದಾಗ ಅದು ಹೊರಟುಹೋಗುತ್ತದೆ. ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಆವೇಗದ ವೇಗ ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ಕಂಡುಹಿಡಿದದ್ದು ಇದೇ ಉಪಾಯದಿಂದ.

ನನ್ನ ವರದಿಯಲ್ಲಿ ಎಲ್ಲವೂ ಸಾಮಾನ್ಯ ಮಿತಿಯೊಳಗಿತ್ತು. ಮುಂಗೈ ಹೊರಬದಿಯ ಚರ್ಮದ ನರದ ಸಂಕೇತ ಮಾತ್ರ ಎಡಗೈಗಿಂತ ತುಸು ಚಿಕ್ಕದಾಗಿತ್ತು. "ಹಾಗಾದರೆ ನೋವು ಸುಳ್ಳೇ?" ಎಂದು ಕೇಳಿದೆ. "ಉಪಕರಣ ಯಾವುದನ್ನು ಅಳೆಯುತ್ತದೆ ಎಂದು ನೀವೇ ಹೇಳಿ" ಎಂದು ಅವರು ಮರುಪ್ರಶ್ನೆ ಹಾಕಿದರು. ವಿದ್ಯಾರ್ಥಿಗಳಿಗೆ ನಾನು ಕೇಳುವ ಪ್ರಶ್ನೆಯೇ ಅದು! ಈ ಪರೀಕ್ಷೆ ದಪ್ಪ, ವೇಗದ ತಂತುಗಳ ಸಂಕೇತವನ್ನು ಹಿಡಿಯುತ್ತದೆ. ಸಿ ತಂತುಗಳ ನಿಧಾನ, ಕ್ಷೀಣ ಸಂಕೇತ ಅದಕ್ಕೆ ಕಾಣುವುದಿಲ್ಲ. ಸಾವಿರಾರು ತಂತುಗಳಲ್ಲಿ ಕೆಲವು ಹಾಳಾದರೆ ಉಳಿದವುಗಳ ವೇಗ ಬದಲಾಗುವುದಿಲ್ಲ. ಪೆಟ್ಟಾದ ಮೊದಲ ಕೆಲವು ದಿನಗಳಲ್ಲಿ ಪರೀಕ್ಷಿಸಿದರೆ ಇನ್ನೂ ಶಿಥಿಲವಾಗದ ತುದಿಭಾಗ ಆವೇಗವನ್ನು ಒಯ್ಯುತ್ತಲೇ ಇರುವುದರಿಂದ ಫಲಿತಾಂಶ ದಾರಿತಪ್ಪಿಸಬಹುದು. ಉಪಕರಣಕ್ಕೆ ಕಾಣಿಸದ್ದು ಇಲ್ಲವೇ ಇಲ್ಲ ಎನ್ನುವುದು ವಿಜ್ಞಾನವಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಟಿಪ್ಪಣಿಗಳಲ್ಲೂ, ನೋವಿದೆಯೆಂದು ಹೇಳುವವರ ಮಾತನ್ನು ಗೌರವಿಸಬೇಕೆಂಬ ಅಂಶವಿದೆ.

ಅವರು ಉಪಕರಣವಿಲ್ಲದ ಇನ್ನೊಂದು ಪರೀಕ್ಷೆಯನ್ನು ಕಲಿಸಿದರು. ನರದ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲನೆ ತಟ್ಟಬೇಕು. ಬೆಳೆಯುತ್ತಿರುವ ತುದಿಯ ಮೇಲೆ ತಟ್ಟಿದಾಗ ಜುಮ್ಮೆನ್ನುತ್ತದೆ. ಮೊದಲ ಮಹಾಯುದ್ಧದ ವೇಳೆ, 1915ರಲ್ಲಿ, ಫ್ರಾನ್ಸಿನ ಟಿನೆಲ್ ಮತ್ತು ಜರ್ಮನಿಯ ಹಾಫ್‌ಮನ್ ಶತ್ರುಪಾಳಯಗಳಲ್ಲಿದ್ದುಕೊಂಡು ಬೇರೆಬೇರೆಯಾಗಿ ಇದನ್ನು ವರ್ಣಿಸಿದರು. ನಾನು ಪ್ರತಿ ತಿಂಗಳ ಮೊದಲ ಭಾನುವಾರ ಮೊಣಕೈ ಮಡಿಕೆಯಿಂದ ಆ ಬಿಂದುವಿಗೆ ಇರುವ ದೂರವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಟ್ಟೆ. ತಿಂಗಳಿಗೆ ಎರಡೂವರೆಯಿಂದ ಮೂರು ಸೆಂ.ಮೀ. ಬಿಂದು ಕೆಳಗಿಳಿಯುತ್ತಿತ್ತು. ನಕ್ಷೆ ಎಳೆದರೆ ಹೆಚ್ಚುಕಡಿಮೆ ಸರಳರೇಖೆ. ನೋವು ಇನ್ನೂ ಇತ್ತು. ಆದರೆ ಅದು ಎಲ್ಲಿಗೆ ಹೋಗುತ್ತಿದೆ ಎಂಬುದು ತಿಳಿದ ಮೇಲೆ ಭಯ ಹೋಯಿತು.

ಏನು ಮಾಡಬೇಕು, ಏನು ಮಾಡಬಾರದು

ಸೂಜಿ ಚುಚ್ಚಿದಾಗ ವಿದ್ಯುತ್ ಹೊಡೆದಂತೆ ನೋವು ಬೆರಳುಗಳ ಕಡೆಗೆ ಹರಿದರೆ ತಕ್ಷಣ ಹೇಳಿ. ಸಂಕೋಚ ಬೇಡ. ರಕ್ತ ತೆಗೆಯುವವರು ಕೂಡಲೇ ಪಟ್ಟಿಯನ್ನು ಸಡಿಲಿಸಿ, ಸೂಜಿಯನ್ನು ಹೊರತೆಗೆದು, ಜಾಗವನ್ನು ಒತ್ತಿ ಹಿಡಿಯಬೇಕು. ಮರುಪ್ರಯತ್ನವನ್ನು ಇನ್ನೊಂದು ಕೈಯಲ್ಲಿ ಮಾಡುವುದು ಲೇಸು. ಸೂಜಿ ಚರ್ಮಕ್ಕೆ 30 ಡಿಗ್ರಿಗಿಂತ ಹೆಚ್ಚು ಕೋನದಲ್ಲಿರಬಾರದು. ಮಣಿಕಟ್ಟಿನ ಒಳಮೈಯಲ್ಲಿ ನರಗಳು ಚರ್ಮಕ್ಕೆ ಹತ್ತಿರವಿರುವುದರಿಂದ ಅಲ್ಲಿ ಚುಚ್ಚಬಾರದು.

ಮರಗಟ್ಟುವಿಕೆ ಅಥವಾ ಉರಿ ಕೆಲವು ದಿನಗಳಲ್ಲಿ ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಬೆರಳುಗಳ ಬಲ ಕುಂದಿದರೆ, ಊತ ಹೆಚ್ಚುತ್ತಿದ್ದರೆ, ಕೈಯ ಬಣ್ಣ ಅಥವಾ ಬಿಸುಪು ಬದಲಾದರೆ ಕಾಯಬಾರದು. ಸಾಮಾನ್ಯ ನೋವುನಿವಾರಕಗಳು ನರನೋವಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ವೈದ್ಯರು ಗಬಪೆಂಟಿನ್, ಪ್ರಿಗಬಲಿನ್ ಅಥವಾ ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲಿನ್ ಕೊಡಬಹುದು. ಮೊದಲೆರಡು ನರತುದಿಯ ಕ್ಯಾಲ್ಸಿಯಂ ದ್ವಾರಗಳ ಮೇಲೆ ವರ್ತಿಸಿ ಸಂಕೇತವನ್ನು ತಗ್ಗಿಸುತ್ತವೆ. ಮೂರನೆಯದು ಮಿದುಳಿನಿಂದ ಇಳಿದುಬರುವ ನೋವಿನ ತಡೆಯನ್ನು ಬಲಪಡಿಸುತ್ತದೆ. ಇವನ್ನು ತಾವಾಗಿಯೇ ಕೊಂಡು ನುಂಗುವುದೂ, ಥಟ್ಟನೆ ನಿಲ್ಲಿಸುವುದೂ ಸಲ್ಲದು. ಕೈಯನ್ನು ಜೋಳಿಗೆಯಲ್ಲಿ ಕಟ್ಟಿಹಾಕದೆ ಹಗುರವಾಗಿ ಬಳಸುತ್ತಿರಬೇಕು.

ಇದನ್ನೆಲ್ಲ ಓದಿ ರಕ್ತದಾನಕ್ಕೆ ಹಿಂಜರಿಯಬಾರದು. ಅಮೆರಿಕದಲ್ಲಿ 4,19,000 ರಕ್ತದಾನಗಳನ್ನು ಪರಿಶೀಲಿಸಿ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನರಕ್ಕೆ ಪೆಟ್ಟಾದದ್ದು ಸುಮಾರು 6,300ರಲ್ಲಿ ಒಬ್ಬರಿಗೆ. ಅವರಲ್ಲೂ ಬಹುಪಾಲು ಜನ ಪೂರ್ತಿ ಗುಣಹೊಂದಿದರು. ರಕ್ತದಾನದ ಸೂಜಿ ಪರೀಕ್ಷೆಯ ಸೂಜಿಗಿಂತ ಎರಡರಷ್ಟು ದಪ್ಪ ಎಂಬುದನ್ನೂ ನೆನಪಿಡಬೇಕು.

ತರಗತಿಯಲ್ಲಿ ಮಾಡಿ ನೋಡಿ

ನರಾವೇಗದ ವೇಗವನ್ನು ಸ್ಟಾಪ್‌ವಾಚ್ ಒಂದರಿಂದ ಅಂದಾಜಿಸಬಹುದು. 20 ವಿದ್ಯಾರ್ಥಿಗಳನ್ನು ಸಾಲಾಗಿ ಕೂರಿಸಿ. ಪ್ರತಿಯೊಬ್ಬರೂ ಕಣ್ಣುಮುಚ್ಚಿ ಮುಂದಿನವರ ಭುಜವನ್ನು ಹಿಡಿದಿರಲಿ. ತನ್ನ ಭುಜ ಅದುಮಿದ್ದು ತಿಳಿದೊಡನೆ ಮುಂದಿನವರ ಭುಜವನ್ನು ಅದುಮಬೇಕು. ಸುದ್ದಿ ಕೊನೆಯವರೆಗೆ ಮುಟ್ಟುವ ಕಾಲವನ್ನು ಅಳೆಯಿರಿ. ಹಲವು ಬಾರಿ ಮಾಡಿ ಸರಾಸರಿ ತೆಗೆಯಿರಿ. ಅನಂತರ ಭುಜದ ಬದಲು ಕಾಲಿನ ಹರಡನ್ನು ಹಿಡಿದು ಇದನ್ನೇ ಮಾಡಿ. ಮಿದುಳಿಗೆ ಭುಜಕ್ಕಿಂತ ಹರಡು ಸುಮಾರು 1 ಮೀಟರ್ ದೂರ. 20 ಜನರಿಗೆ ಹೆಚ್ಚುವರಿ ದಾರಿ 20 ಮೀಟರ್. ಕಾಲದ ವ್ಯತ್ಯಾಸ ಅರ್ಧ ಸೆಕೆಂಡ್ ಬಂದರೆ ವೇಗ ಸೆಕೆಂಡಿಗೆ 40 ಮೀಟರ್. ಯೋಚಿಸುವುದಕ್ಕೆ ಹಿಡಿಯುವ ಕಾಲ ಎರಡರಲ್ಲೂ ಸಮಾನವಾದ್ದರಿಂದ ಕಳೆಯುವಾಗ ಹೊರಟುಹೋಗುತ್ತದೆ. ಹೆಲ್ಮ್‌ಹೋಲ್ಟ್ಸ್ ಮಾಡಿದ್ದೂ ಇದನ್ನೇ.

ನನ್ನ ಕೈಯ ಮರಗಟ್ಟಿದ ಭಾಗಕ್ಕೆ ಏಳನೆಯ ತಿಂಗಳಿನಲ್ಲಿ ಸ್ಪರ್ಶ ಮರಳಿತು. ಮೊಣಕೈ ಮಡಿಕೆಯಿಂದ ಅದಕ್ಕಿದ್ದ ದೂರ 18 ಸೆಂ.ಮೀ. ದಿನಕ್ಕೆ 1 ಮಿ.ಮೀ. ಲೆಕ್ಕದಲ್ಲಿ 180 ದಿನ. ಹೊಸ ತಂತು ಚಿಗುರಲು ಹಿಡಿದ ಕೆಲವು ವಾರಗಳನ್ನು ಕೂಡಿದರೆ ಲೆಕ್ಕ ಸರಿಹೋಗುತ್ತದೆ. ಚಳಿಗಾಲದ ಮುಂಜಾವಿನಲ್ಲಿ ಈಗಲೂ ಅಲ್ಲಿ ಸ್ವಲ್ಪ ಚುಮುಚುಮು ಎನ್ನುತ್ತದೆ. ಕಳೆದ ತಪಾಸಣೆಯಲ್ಲಿ ಎಡಗೈ ಚಾಚಿ, ಹಿಂದೆ ನಡೆದದ್ದನ್ನು ಮೊದಲೇ ತಿಳಿಸಿದೆ. ರಕ್ತ ತೆಗೆಯುವ ಹುಡುಗಿ ಮಡಿಕೆಯ ಮಧ್ಯವನ್ನು ಬೆರಳಿನಿಂದ ಒತ್ತಿ ನೋಡಿ, "ನರ ಚೆನ್ನಾಗಿ ಸಿಕ್ಕಿತು ಸಾರ್" ಎಂದಳು. ಅವಳಿಗೆ ಸಿಕ್ಕಿದ್ದು ಅಭಿಧಮನಿ. ನಿಜವಾದ ನರ ಸಿಗದೆ ಇದ್ದುದು ನನ್ನ ಅದೃಷ್ಟ, ಅವಳ ಕೌಶಲ.